ಎಸ್, ಆರ್ ಮತ್ತು ಒಂದು ಡಬ್ಬಿ ಹೆಪ್ಪು

ಕಣ್ಣಿಗೆ ಕಾಣುವ ಜಗತ್ತನ್ನೂ ಕಾಣದಿರುವ ಜಗತ್ತನ್ನೂ ಒಂದೇ ಮಡಿಲಲ್ಲಿಟ್ಟು ಸಲಹುತ್ತಿರುವ ಪರಮಾತ್ಮನಿಗೆ ಮೊದಲ ವಂದನೆ. ಹಾಲು ಕೊಡುವ ಗೋವಿಗೂ, ಆ ಹಾಲನ್ನು ಸದ್ದಿಲ್ಲದೆ ಮೊಸರಾಗಿಸುವ ಕೋಟಿ ಕೋಟಿ ಸೂಕ್ಷ್ಮಜೀವಗಳಿಗೂ ಎರಡನೆಯ ವಂದನೆ. ಅಕ್ಷರ ತಿದ್ದಿಸಿದ ಗುರುಗಳಿಗೆ ಮೂರನೆಯದು. ಎಪ್ಪತ್ತು ದಾಟಿದ ಮೇಲೆ ನನಗೆ ಕಾಯುವುದನ್ನು ಕಲಿಸಿದವನೊಬ್ಬನಿದ್ದಾನೆ. ಅವನು ವಯಸ್ಸಿನಲ್ಲಿ ನನಗಿಂತ ಕಿರಿಯನಾದ್ದರಿಂದ ಶಾಸ್ತ್ರದ ಪ್ರಕಾರ ವಂದನೆ ಸಲ್ಲದು. ಅವನಿಗೆ ಈ ಬರಹವೇ ಸಲ್ಲಲಿ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಭಾವಮೈದುನ, ಎಂದರೆ ನನ್ನ ಹೆಂಡತಿಯ ಒಬ್ಬನೇ ತಮ್ಮ, ಮನುಷ್ಯರಿಗಿಂತ ರೋಗಾಣುಗಳಿಗೇ ಹೆಚ್ಚು ಮರ್ಯಾದೆ ಕೊಡುತ್ತಿದ್ದ. ಉತ್ಪ್ರೇಕ್ಷೆ ಎನ್ನುವಿರಾ? ಮದುವೆ ಮನೆಯಲ್ಲಿ ಎಂಥ ದೊಡ್ಡವರು ಎದುರಿಗೆ ಬಂದು ನಿಂತರೂ ಕುರ್ಚಿ ಬಿಟ್ಟೇಳದ ಈ ಮಹಾಶಯ, ಭದ್ರಾವತಿಯ ತನ್ನ ಪ್ರಯೋಗಾಲಯದಲ್ಲಿ ಅಂಗೈಯಗಲದ ಒಂದು ತಟ್ಟೆಯ ಮುಚ್ಚಳ ತೆಗೆಯುವ ಮೊದಲು ಎದ್ದು ನಿಲ್ಲುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಕೆಮ್ಮಿದರೆ, "ಸ್ವಲ್ಪ ಮೆತ್ತಗೆ ಭಾವ, ಅವು ಈಗ ತಾನೇ ಎದ್ದಿವೆ" ಎನ್ನುತ್ತಿದ್ದ. ಮದುವೆಯಾಗಲಿಲ್ಲ. ಏಕೆಂದು ಕೇಳಿದ ಬಂಧುಗಳಿಗೆಲ್ಲ ಒಂದೇ ಉತ್ತರ: "ನನ್ನ ತಟ್ಟೇಲಿ ಇಪ್ಪತ್ತು ನಿಮಿಷಕ್ಕೊಂದು ಸಲ ಸಂಸಾರ ಎರಡಾಗುತ್ತೆ. ಅದನ್ನ ಸುಧಾರಿಸೋದೇ ಸಾಕಾಗಿದೆ." ಈ ಉತ್ತರ ಕೇಳಿದ ಮೇಲೆ ಹೆಣ್ಣು ಕೊಡಲು ಯಾರೂ ಬರಲಿಲ್ಲವೆಂದು ಬೇರೆ ಹೇಳಬೇಕೇ?

ಅವನ ಉದ್ಯೋಗವನ್ನು ನನಗೆ ತಿಳಿದ ಮಟ್ಟಿಗೆ ಹೇಳಿಬಿಡುತ್ತೇನೆ. ರೋಗಿಯ ರಕ್ತವನ್ನೋ ಕೀವನ್ನೋ ಮೂತ್ರವನ್ನೋ ತಂದು, ಅದರಲ್ಲಿ ಅಡಗಿರುವ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸುವುದು. ಬೆಳೆದದ್ದನ್ನು ಇನ್ನೊಂದು ತಟ್ಟೆಗೆ ಬಳಿದು, ಬೇರೆ ಬೇರೆ ಔಷಧಿಗಳಲ್ಲಿ ಅದ್ದಿದ ಪುಟ್ಟ ಪುಟ್ಟ ಬಿಲ್ಲೆಗಳನ್ನು ಅದರ ಮೇಲೆ ಇಟ್ಟು, ಯಾವ ಔಷಧಿಗೆ ಅದು ಹೆದರುತ್ತದೆ, ಯಾವುದಕ್ಕೆ ಹೆದರುವುದಿಲ್ಲ ಎಂದು ನೋಡುವುದು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರೇ ಇದೆ. ಅವನು ಮಾತ್ರ ಅದನ್ನು "ಹೆಪ್ಪು ಹಾಕೋದು" ಎಂದೇ ಕರೆಯುತ್ತಿದ್ದ. "ಬೆಳಿಗ್ಗೆ ಹೆಪ್ಪು ಹಾಕಿದ್ದೀನಿ ಡಾಕ್ಟ್ರೇ, ನಾಳೆ ಹೇಳ್ತೀನಿ" ಎಂದು ಫೋನಿನಲ್ಲಿ ಅವನು ಹೇಳುವುದನ್ನು ಕೇಳಿದವರು, ಭದ್ರಾವತಿಯ ವೈದ್ಯರೆಲ್ಲ ಇವನ ಮನೆಯಿಂದಲೇ ಮೊಸರು ತರಿಸುತ್ತಾರೆಂದು ತಿಳಿದರೆ ತಪ್ಪೇನು?

ಹೆಪ್ಪಿನ ಮಾತು ಬಂದಿತಲ್ಲ, ಅದನ್ನು ಇಲ್ಲಿಯೇ ಹೇಳಬೇಕು. ನನ್ನ ಹೆಂಡತಿ ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ಶಿವಮೊಗ್ಗಕ್ಕೆ ಬಂದಾಗ ತವರಿನಿಂದ ಒಂದು ಸಣ್ಣ ಡಬ್ಬಿಯಲ್ಲಿ ಹೆಪ್ಪು ತಂದಿದ್ದಳು. ಅವಳ ತಾಯಿಯ ಕೈಯ ಹೆಪ್ಪು. ಆ ತಾಯಿಗೆ ಅದು ಅತ್ತೆಯಿಂದ ಬಂದದ್ದಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಇವತ್ತಿನ ಮೊಸರೇ ನಾಳಿನ ಹಾಲಿಗೆ ಹೆಪ್ಪು. ಹೊರಗಿನ ಮೊಸರು ಬೆರೆತದ್ದಿಲ್ಲ. ತಾಯಿ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿ ಆ ಎಳೆ ಕಡಿದುಹೋಯಿತು. ಆಗಿನಿಂದ ಅವನು ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ಊಟ ಮಾಡಿ, ಅದೇ ಹಳೆಯ ಡಬ್ಬಿಯಲ್ಲಿ ಹೆಪ್ಪು ತುಂಬಿಸಿಕೊಂಡು ಸಂಜೆ ಮರಳುತ್ತಿದ್ದ. ಒಮ್ಮೆ ಕೊಂಡೊಯ್ದರೆ ಸಾಲದೇ, ವಾರ ವಾರವೂ ಏಕೆ ಎಂದು ನಾನು ಕೇಳಿದ್ದುಂಟು. "ಮೂಲದಿಂದ ಆಗಾಗ ಹೊಸದಾಗಿ ತಗೋತಾ ಇರಬೇಕು ಭಾವ. ಇಲ್ಲದಿದ್ರೆ ತಳಿ ಕೆಡುತ್ತೆ. ಇದು ಸೈನ್ಸು" ಎಂದಿದ್ದ. ಸೈನ್ಸಿನ ಮುಂದೆ ಸಂಸ್ಕೃತದ ಮೇಷ್ಟರು ಏನು ತಾನೇ ವಾದಿಸಿಯಾರು? ಅಡುಗೆಮನೆಯೊಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು.

ನಮ್ಮಿಬ್ಬರ ನಡುವಿನ ಮುಖ್ಯ ವ್ಯಾಜ್ಯ ಹುಟ್ಟಿಕೊಂಡದ್ದು ನನ್ನ ಕಾಲಿನ ಕುರುವಿನಿಂದ. ವಾಸಿಯಾಗದೆ ಕಾಡುತ್ತಿದ್ದ ಆ ಕುರುವಿನ ಕೀವನ್ನು ಅವನು ತೆಗೆದುಕೊಂಡು ಹೋಗಿ, ಎರಡು ದಿನ ಬಿಟ್ಟು ವರದಿ ತಂದುಕೊಟ್ಟ. ನೋಡುತ್ತೇನೆ, ಔಷಧಿಗಳ ಹೆಸರು ಸಾಲಾಗಿ ಇವೆ. ಕೆಲವದರ ಮುಂದೆ ಎಸ್, ಕೆಲವದರ ಮುಂದೆ ಆರ್. ನನಗೆ ರೋಮಾಂಚನವಾಯಿತು. ಎಸ್ ಎಂದರೆ ಸಾತ್ತ್ವಿಕ, ಆರ್ ಎಂದರೆ ರಾಜಸ! ಔಷಧಿಗಳನ್ನೂ ಗುಣಗಳ ಪ್ರಕಾರ ವಿಂಗಡಿಸುವ ಮಟ್ಟಕ್ಕೆ ಪಾಶ್ಚಾತ್ಯ ವೈದ್ಯಶಾಸ್ತ್ರ ಬಂದು ತಲುಪಿದೆಯಲ್ಲಾ ಎಂದು ಹೃದಯ ತುಂಬಿತು. ಆ ವಾರ ನಮ್ಮ ಬೀದಿಯ ಭವನದಲ್ಲಿ ನನ್ನ ಗೀತಾ ಪ್ರವಚನವಿತ್ತು. ವರದಿಯನ್ನು ಎತ್ತಿ ಹಿಡಿದು ಸಭೆಗೆ ತೋರಿಸಿ, ಮುಕ್ಕಾಲು ಗಂಟೆ ಮಾತನಾಡಿದೆ. ಸಭೆ ತಲೆದೂಗಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಭಾವಮೈದುನನೂ ತಲೆದೂಗಿದ. ಮನೆಗೆ ಬರುವ ದಾರಿಯಲ್ಲಿ ಬಹಳ ವಿನಯದಿಂದ ಕೇಳಿದ:

"ಭಾವ, ಸಾತ್ತ್ವಿಕ ಆಯ್ತು, ರಾಜಸ ಆಯ್ತು. ತಾಮಸ ಎಲ್ಲಿ?"

"ಅದೂ ಒಂದು ಪ್ರಶ್ನೆಯೇ ಮಾರಾಯ? ತಾಮಸ ಔಷಧವನ್ನ ಡಾಕ್ಟ್ರು ಯಾಕೆ ಕೊಡ್ತಾರೆ?" ಎಂದೆ.

ಅವನು ರಸ್ತೆಯ ಬದಿಗೆ ಸರಿದು ವಿದ್ಯುತ್ ಕಂಬ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಬಿಡಿಸಿ ಹೇಳಿದ. ಎಸ್ ಮತ್ತು ಆರ್ ಔಷಧಿಯ ಗುಣಗಳಲ್ಲ, ಅದರೆದುರು ರೋಗಾಣು ತೋರುವ ಗುಣ. "ಮದ್ದು ಸೋಕಿದ್ರೆ ಕರಗೋದು ಎಸ್. ಏನು ಮಾಡಿದ್ರೂ ಜಗ್ಗದೇ ಇರೋದು ಆರ್. ಅಷ್ಟೇ ಭಾವ." ಸೋಂಕು ಎಂಬ ಶಬ್ದ ಸೋಕುವುದರಿಂದಲೇ ಬಂದದ್ದೆಂದು ನಾನೂ ಒಂದು ವ್ಯುತ್ಪತ್ತಿ ಹೇಳಿ ಮಾನ ಉಳಿಸಿಕೊಳ್ಳಲು ನೋಡಿದೆ. ಮಾನ ಉಳಿಯಲಿಲ್ಲ.

ಅಂದಿನಿಂದ ನಮ್ಮ ಬಳಗಕ್ಕೆಲ್ಲ ಈ ಎರಡು ಅಕ್ಷರಗಳ ಕಾಟ ಆರಂಭವಾಯಿತು. ನವುಲೆಯ ನಮ್ಮ ಬಂಧುಗಳೊಬ್ಬರು ಎರಡು ಲೋಟ ಕಾಫಿ ಕೊಟ್ಟರೆ ಗುಟ್ಟನ್ನೆಲ್ಲ ಹೇಳಿಬಿಡುವವರು, ಅವರು ಎಸ್. ಬಾಡಿಗೆ ಮನೆ ಬಿಡೆಂದರೆ ಬಿಡದೆ ಕೂತಿದ್ದ ಇವನ ನೆರೆಮನೆಯಾತ ಆರ್. ಒಮ್ಮೆ ಅವನನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಕರೆದುಕೊಂಡು ಹೋದೆವು. ಜಾಲರಿಯಾಚೆ ಗಂಡುಸಿಂಹವೊಂದು ನೆಲ ನಡುಗುವಂತೆ ಗರ್ಜಿಸಿತು. ವಾಹನದಲ್ಲಿದ್ದವರೆಲ್ಲ ಉಸಿರು ಹಿಡಿದು ಕೂತಿದ್ದರೆ ಇವನು ಕನ್ನಡಕ ಸರಿಮಾಡಿಕೊಂಡು, "ಎಸ್" ಎಂದ. ಏಕಪ್ಪಾ ಎಂದರೆ, "ಒಂದು ಸೂಜಿ ಹೊಡೆದ್ರೆ ಮಲಗುತ್ತೆ ಭಾವ. ನನ್ನ ತಟ್ಟೇಲಿ ಒಂದಿದೆ, ಆರು ಥರದ ಇಂಜೆಕ್ಷನ್ನಿಗೂ ಕಣ್ಣು ಮಿಟುಕಿಸಿಲ್ಲ. ಗರ್ಜನೆನೂ ಮಾಡಲ್ಲ, ಪಾಪ."

ಅವನ ಅಕ್ಕ, ಎಂದರೆ ನನ್ನ ಧರ್ಮಪತ್ನಿ, ಈ ವರ್ಗೀಕರಣದಲ್ಲಿ ನಿರ್ವಿವಾದವಾಗಿ ಆರ್. ತಂದೆ ತಾಯಿ ಹೋದಾಗಲೂ ನಾಲ್ಕು ಜನರೆದುರು ಕಣ್ಣೀರು ಹಾಕಿದವಳಲ್ಲ, ಗದರಿದರೆ ಬೆದರಿದವಳಲ್ಲ, ನನ್ನ ಪ್ರವಚನಗಳಿಂದ ಒಂದಿನಿತೂ ಬದಲಾದವಳಲ್ಲ. ಇದನ್ನು ನಾನೂ ಅನುಮೋದಿಸಿದೆ. ಆದರೆ ನನ್ನ ಅಕ್ಷರ ಯಾವುದು? ಅದನ್ನು ಮಾತ್ರ ಅವನು ಹೇಳಲೊಲ್ಲ! ಕೇಳಿದಾಗಲೆಲ್ಲ ನನ್ನ ಮುಖವನ್ನು ಬೆಳಕಿಗೆ ಹಿಡಿದ ತಟ್ಟೆಯಂತೆ ನೋಡಿ, "ನಿಮ್ಮದು ಇನ್ನೂ ಬೆಳೆದಿಲ್ಲ ಭಾವ. ನಾಳೆ ಹೇಳ್ತೀನಿ" ಎಂದುಬಿಡುತ್ತಿದ್ದ. ಪದವಿ, ಶಾಲು, ಸನ್ಮಾನ ಯಾವುದಕ್ಕೂ ಆಸೆಪಡದವನು ನಾನು ಎಂದುಕೊಂಡಿದ್ದೆ. ಈ ಒಂದಕ್ಷರಕ್ಕಾಗಿ ಪ್ರತಿ ಭಾನುವಾರ ಬಸ್ಸು ಬರುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಲ್ಲತೊಡಗಿದೆ. ತಿರುವಿನಲ್ಲಿ ಅವನ ಕೊಡೆ ಕಂಡೊಡನೆ, "ಬೆಳೆಯಿತೇನಯ್ಯಾ?" ಎಂದು ಕೂಗುವುದು, ಅಲ್ಲಿಂದಲೇ ಅವನು, "ನಾಳೆ, ಭಾವ" ಎಂದು ಕೊಡೆ ಎತ್ತುವುದು. ಬೀದಿಯವರು ನಾವೇನೋ ತರಕಾರಿ ಗಿಡದ ವಿಷಯ ಮಾತನಾಡುತ್ತೇವೆಂದು ತಿಳಿದಿದ್ದರು.

ಅವನ ಇನ್ನೊಂದು ಹವ್ಯಾಸವನ್ನು ಹೇಳಿದರೆ ನೀವು ನಿಮ್ಮ ಮನೆಗೆ ಅಂಥವನನ್ನು ಸೇರಿಸಲಾರಿರಿ. ಯಾರ ಮನೆಗೆ ಹೋದರೂ, ದೇವರ ಕೋಣೆಗೆ ಕೈಮುಗಿದವನೇ ಫ್ರಿಜ್ಜಿನ ತಲೆಯ ಮೇಲೂ ಅಡುಗೆಮನೆಯ ಗೂಡಿನಲ್ಲೂ ಕೈಯಾಡಿಸಿ ಉಳಿದ ಮಾತ್ರೆಗಳನ್ನು ಹುಡುಕುತ್ತಿದ್ದ. ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್ಕನ್ನು ಜ್ವರ ಇಳಿದ ಕೂಡಲೇ ನಿಲ್ಲಿಸಿ, ಮಿಕ್ಕದ್ದನ್ನು ಮುಂದಿನ ಜ್ವರಕ್ಕೆ ಇಟ್ಟುಕೊಂಡವರು ಸಿಕ್ಕಿಬಿದ್ದರೆ ಮುಗಿಯಿತು. "ನೀವು ಸಂಧ್ಯಾವಂದನೆ ಅರ್ಧ ಮಾಡಿ, ಮಿಕ್ಕದ್ದು ನಾಳೆಗಿರಲಿ ಅಂತ ಎದ್ದು ಬರ್ತೀರಾ?" ಎಂದು ಸತ್ಯನಾರಾಯಣ ಪೂಜೆಗೆ ಕರೆದ ಯಜಮಾನರನ್ನೇ, ಪೂಜೆಯ ನಡುವೆಯೇ, ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆಯಿಂದ ಮರುವರ್ಷ ನಮಗೆ ಯಾರಿಗೂ ಕರೆ ಬರಲಿಲ್ಲ.

ಆದರೆ ದೊಡ್ಡ ಅಪರಾಧಿ ಇದ್ದದ್ದು ನಮ್ಮ ಮನೆಯಲ್ಲೇ. ನನ್ನ ಹೆಂಡತಿಯ ಇಂಗಿನ ಡಬ್ಬಿಯಲ್ಲಿ ಎಂದಿನಿಂದಲೋ ಉಳಿದ ಮಾತ್ರೆಗಳ ಸಂಗ್ರಹವಿತ್ತು. ಅಕ್ಕಪಕ್ಕದವರಿಗೆ ಗಂಟಲು ಕೆಟ್ಟರೆ ಒಂದು, ಹೊಟ್ಟೆ ಕೆಟ್ಟರೆ ಒಂದು, ಪ್ರಸಾದದಂತೆ ಹಂಚುತ್ತಿದ್ದಳು. ಎಲ್ಲವೂ ಇಂಗಿನ ವಾಸನೆ! ತಮ್ಮ ಅದನ್ನು ಕಂಡುಹಿಡಿದ ದಿನ ಊಟ ಬಿಟ್ಟು ನಿಂತ.

"ಅಕ್ಕ, ನೀನು ಔಷಧಿ ಕೊಡ್ತಿಲ್ಲ. ರೋಗಾಣುಗಳಿಗೆ ಟ್ಯೂಷನ್ ಕೊಡ್ತಿದ್ದೀಯ. ಒಂದೊಂದೇ ಮಾತ್ರೆ ತೋರಿಸಿ, ಇದನ್ನ ಹೀಗೆ ತಪ್ಪಿಸ್ಕೋ ಅಂತ ಪಾಠ ಹೇಳ್ತಿದ್ದೀಯ."

"ಮನೇಲಿ ಒಬ್ಬರು ಮೇಷ್ಟ್ರು ಇದ್ದಾರಲ್ಲ, ನನಗೂ ಅಭ್ಯಾಸ ಆಗಿದೆ. ಸಾರು ಆರುತ್ತೆ, ಕೂತ್ಕೋ" ಎಂದಳು ಅವಳು. ಡಬ್ಬಿಯನ್ನು ಅವನು ಖಾಲಿ ಮಾಡಿಕೊಂಡು ಹೋದ. ಅವಳು ಇನ್ನೊಂದು ಡಬ್ಬಿ ಹೂಡಿದಳು. ಆರ್ ಎಂದರೆ ಇನ್ನೇನು?

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳಿಗೆ ಚಳಿಜ್ವರ ಹಿಡಿಯಿತು. ನಮಗೆ ಹೇಳದೆ ಮೊದಲೆರಡು ದಿನ ತನ್ನ ಡಬ್ಬಿಯ ಮಾತ್ರೆಯನ್ನೇ ನುಂಗಿದ್ದಳು. ಆಮೇಲೆ ಶಿವಮೊಗ್ಗದ ವೈದ್ಯರು ಬೇರೆ ಮಾತ್ರೆ ಕೊಟ್ಟರು, ಇಂಜೆಕ್ಷನ್ನು ಕೊಟ್ಟರು. ಜ್ವರ ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ತಮ್ಮನಿಗೆ ಫೋನು ಮಾಡಿದೆ. ಕಾರು ಮಾಡಿಕೊಂಡು ಬಂದವನೇ ಅವಳನ್ನು ಭದ್ರಾವತಿಗೆ ಕರೆದುಕೊಂಡು ಹೋಗಿ, ತನ್ನ ಪ್ರಯೋಗಾಲಯದ ಕೆಳಗಿನ ಮಹಡಿಯಲ್ಲೇ ಇದ್ದ ನರ್ಸಿಂಗ್ ಹೋಮಿಗೆ ಸೇರಿಸಿದ. ದಾರಿಯಲ್ಲಿ ಅವಳು ತಾನಾಗಿಯೇ ಡಬ್ಬಿಯ ವಿಷಯ ಹೇಳಿದಳು. ನಾನು ಬೈಗುಳಕ್ಕೆ ಸಿದ್ಧನಾಗಿ ಕಿಟಕಿಯ ಕಡೆ ತಿರುಗಿದೆ. ಅವನು ಬೈಯದೆ ಅವಳ ಕೈ ಹಿಡಿದುಕೊಂಡು ಕೂತಿದ್ದ. ನನಗೆ ನಿಜವಾದ ಭಯ ಹುಟ್ಟಿದ್ದು ಆಗ.

ಸೋಂಕು ಮೂತ್ರಕೋಶದಿಂದ ಮೂತ್ರಪಿಂಡಕ್ಕೆ ಏರಿ ರಕ್ತಕ್ಕೂ ಇಳಿಯತೊಡಗಿದೆಯೆಂದು ವೈದ್ಯರು ಹೇಳಿದರು. ಕೊಡಬಹುದಾದದ್ದನ್ನು ಕೊಡುತ್ತಿದ್ದೇವೆ, ಸರಿಯಾದದ್ದು ಯಾವುದೆಂದು ಮೇಲಿನ ಮಹಡಿಯ ತಟ್ಟೆಯೇ ಹೇಳಬೇಕು ಎಂದರು. ಅವನು ಮಾದರಿ ತೆಗೆದುಕೊಂಡು ಮಹಡಿ ಹತ್ತಿದ. ನಾನೂ ಹಿಂದೆ ಹೋದೆ. ತಂತಿಯ ಕುಣಿಕೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಮಾದರಿಯಲ್ಲಿ ಅದ್ದಿ, ತಟ್ಟೆಯ ಮೇಲೆ ಗೆರೆ ಎಳೆದ. ಮತ್ತೆ ಕಾಯಿಸಿದ, ಮತ್ತೆ ಎಳೆದ. ಜೀವನವಿಡೀ ಮಡಿ ಮಡಿ ಎಂದವನು ನಾನು. ಮಡಿಯೆಂದರೆ ಏನೆಂದು ಆ ಹೊತ್ತು ನೋಡಿದೆ. ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದ. ಯಾವಾಗ ಗೊತ್ತಾಗುತ್ತದೆ ಎಂದು ಕೇಳಿದೆ.

"ನಾಳೆ, ಭಾವ" ಎಂದ. ಆ ಮಾತಿನಲ್ಲಿ ಅಂದು ತಮಾಷೆಯಿರಲಿಲ್ಲ.

ಕಾಫಿಗೆ ಐದು ನಿಮಿಷ ತಡವಾದರೆ ಕುಣಿದಾಡುವ ಮನುಷ್ಯ, ಆ ಪೆಟ್ಟಿಗೆಯ ಮುಂದೆ ಮಾತ್ರ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತಿದ್ದ. ಬೇಗ ತೆಗೆದು ನೋಡಬಾರದೇ ಎಂದು ನಾನು ಪೀಡಿಸಿದೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಿದರೆ ಮೊಸರು ಬೇಗ ಆಗುತ್ತದೆಯೇ ಎಂದು ಅವನು ತಿರುಗಿ ಕೇಳಿದ. ನಾನು ಅಲ್ಲೇ ಮೂಲೆಯಲ್ಲಿ ಕೂತು ವಿಷ್ಣುಸಹಸ್ರನಾಮ ಹೇಳತೊಡಗಿದೆ. ಗಟ್ಟಿಯಾಗಿ ಹೇಳಬಹುದೇ ಎಂದು ಕೇಳಿದಾಗ, "ಹೇಳಿ. ಅವುಗಳಿಗೂ ಕೇಳಲಿ" ಎಂದ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದವಳು ಪ್ರಯೋಗಾಲಯದ ಸಹಾಯಕಿ, ಕಾರ್ಖಾನೆಯ ಕಡೆಯ ತಮಿಳು ಹೆಂಗಸು. ರೋಗಾಣುಗಳೆಲ್ಲ ಅವಳ ಬಾಯಲ್ಲಿ ಪೂಚಿ. "ಪೂಚಿ ಬಂದಿದೆ ಸಾರ್, ತುಂಬ ಬಂದಿದೆ" ಎಂದಳು. ಅವನು ಅವುಗಳನ್ನು ಹೊಸ ತಟ್ಟೆಗೆ ಬಳಿದು, ಮೇಲೆ ಬಿಲ್ಲೆಗಳನ್ನಿಟ್ಟು ಮತ್ತೆ ಪೆಟ್ಟಿಗೆ ಮುಚ್ಚಿದ. ಮತ್ತೆ ನಾಳೆ. ಕೆಳಗೆ ನನ್ನ ಹೆಂಡತಿ ಜ್ವರದ ತಾಪದಲ್ಲಿ ತನ್ನ ತಾಯಿಯನ್ನು ಕರೆಯುತ್ತಿದ್ದಳು. ಐವತ್ತು ವರ್ಷದ ದಾಂಪತ್ಯದಲ್ಲಿ ಅವಳು ಯಾರನ್ನಾದರೂ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಸಂಜೆ ಅವನ ಮನೆಗೆ ಊಟಕ್ಕೆ ಹೋದಾಗ ಒಂದು ವಿಚಿತ್ರ ನೋಡಿದೆ. ಅಷ್ಟು ಸಂಕಟದ ನಡುವೆಯೂ ಅವನು ಹಾಲು ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಕೈ ತೊಳೆದು, ಡಬ್ಬಿಯಿಂದ ಹೆಪ್ಪು ಹಾಕಿ, ಪಾತ್ರೆಯ ಮೇಲೆ ಬಟ್ಟೆ ಹೊದಿಸಿದ. ಪ್ರಯೋಗಾಲಯದಲ್ಲೊಂದು ಹೆಪ್ಪು, ಇಲ್ಲೊಂದು ಹೆಪ್ಪು. ಎರಡಕ್ಕೂ ಒಂದೇ ಕೈ, ಒಂದೇ ಶ್ರದ್ಧೆ.

ಮರುದಿನ ತಟ್ಟೆ ಹೊರಗೆ ಬಂತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದ. ಬಿಲ್ಲೆಗಳ ಅಂಚಿನವರೆಗೂ ರೋಗಾಣು ದಟ್ಟವಾಗಿ ಬೆಳೆದು ನಿಂತಿತ್ತು, ಅಲ್ಲಿ ಔಷಧಿಯೇ ಇಲ್ಲವೆಂಬಂತೆ. ಅವನ ಬೆರಳು ಒಂದೊಂದರ ಮೇಲೆ ಸರಿಯಿತು. "ಆರ್... ಇದೂ ಆರ್... ಇದೂ." ನಾನು ಕಣ್ಣು ಮುಚ್ಚಿಕೊಂಡೆ. ಬೆರಳು ನಿಂತದ್ದು ಮೌನದಿಂದ ತಿಳಿಯಿತು.

"ನೋಡಿ ಭಾವ."

ಒಂದು ಬಿಲ್ಲೆಯ ಸುತ್ತ ಮಾತ್ರ, ಊಟಕ್ಕೆ ಮೊದಲು ಎಲೆಯ ಸುತ್ತ ಪರಿಷೇಚನೆಯ ನೀರು ಸುತ್ತಿದಂತೆ, ತಿಳಿಯಾದ ದುಂಡು ಬಯಲು. ಅದರೊಳಕ್ಕೆ ಒಂದು ರೋಗಾಣುವೂ ಕಾಲಿಟ್ಟಿರಲಿಲ್ಲ. ಅವನು ಅಳತೆಪಟ್ಟಿ ಇಟ್ಟು ಅಳೆದ. ಮತ್ತೊಮ್ಮೆ ಅಳೆದ. "ಎಸ್" ಎಂದವನೇ ಮೆಟ್ಟಿಲಿಳಿದು ಓಡಿದ. ಪ್ರಯೋಗಾಲಯದ ಚಪ್ಪಲಿ ಹೊಸ್ತಿಲು ದಾಟಿದರೆ ಪ್ರಳಯವೆಂದು ಎಲ್ಲರನ್ನೂ ಹೆದರಿಸಿದ್ದವನು, ಅದೇ ಚಪ್ಪಲಿಯಲ್ಲಿ ವೈದ್ಯರ ಕೋಣೆಯವರೆಗೂ ಓಡಿದ!

ಆ ಔಷಧಿಯಿಂದ ಜ್ವರ ಇಳಿಯಿತು. ಎದ್ದು ಕೂತ ದಿನ ಅವಳು ಮೊದಲು ಕೇಳಿದ್ದು ನನ್ನ ಊಟದ ವಿಷಯವನ್ನಲ್ಲ. "ಮನೇಲಿ ಹೆಪ್ಪು ಇದ್ಯಾ?" ಬೀಗ ಹಾಕಿದ ಮನೆಯಲ್ಲಿ ಹೆಪ್ಪು ಎಲ್ಲಿಂದ ಬರಬೇಕು? ತಮ್ಮ ಬಾಗಿಲ ಬಳಿಯಿಂದ, "ಇದೆ ಅಕ್ಕ. ಅಮ್ಮಂದೇ ಇದೆ" ಎಂದ. ಅಷ್ಟು ವರ್ಷ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುತ್ತಿದ್ದ ಡಬ್ಬಿ ಆ ಸಲ ತುಂಬಿಕೊಂಡು ಶಿವಮೊಗ್ಗಕ್ಕೆ ಬಂತು. ಮನೆಗೆ ಬಂದವಳು ಕೈಯಾರೆ ಮಾತ್ರೆಗಳ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಮೂಸಿ ನೋಡಿ, "ಇಂಗು ಒಳ್ಳೇದು" ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಇದೇ ಸಮಯವೆಂದು ನಾನು, ಇನ್ನಾದರೂ ನನ್ನ ಅಕ್ಷರ ಹೇಳೆಂದು ಕೇಳಿದೆ. ಏನು ಹೇಳಿದನೆಂದು ನಿಮಗೆ ಗೊತ್ತಿದೆ.

ಕಳೆದ ಕಾರ್ತಿಕದಲ್ಲಿ ಅವನು ಹೋದ. ಯಾವ ರೋಗಾಣುವಿನ ಕೈವಾಡವೂ ಇರಲಿಲ್ಲ. ಮಲಗಿದ್ದ ಹಾಗೆಯೇ ಹೃದಯ ನಿಂತಿತು. ಜೀವನವಿಡೀ ನಾಳೆ ನಾಳೆ ಎಂದವನು ಇದೊಂದರಲ್ಲಿ ಯಾರನ್ನೂ ಕಾಯಿಸಲಿಲ್ಲ. ನನ್ನ ಹೆಂಡತಿ ಅಳಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟಳು, ಎಲೆ ಹಾಕಿದಳು, ತಮ್ಮನ ಮನೆ ತೊಳೆದು ಬೀಗ ಹಾಕಿದಳು. ನಾನು ಅತ್ತೆ, ಎಲ್ಲರೆದುರು, ನಾಚಿಕೆಯಿಲ್ಲದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದವನು ನನಗೆ ಅರಿವಿಲ್ಲದೆ ಗೇಟಿನ ಬಳಿ ಹೋಗಿ ನಿಂತಿದ್ದೆ. ಭದ್ರಾವತಿಯ ಬಸ್ಸಿನಿಂದ ಇಳಿದವರು ತಿರುವಿನಲ್ಲಿ ಒಬ್ಬೊಬ್ಬರಾಗಿ ಬರುತ್ತಿದ್ದರು. ಕೊಡೆ ಹಿಡಿದ ಯಾರನ್ನು ಕಂಡರೂ ಬಾಯಿ ತೆರೆಯುವಂತಾಗುತ್ತಿತ್ತು. ಹೆಂಡತಿ ಹಿಂದಿನಿಂದ ಬಂದಳು. ಯಾರನ್ನು ಕಾಯುತ್ತಿದ್ದೀರಿ ಎಂದಳು. ಪೇಪರಿನವನನ್ನು ಎಂದೆ. ಪೇಪರು ನನ್ನ ಕಂಕುಳಲ್ಲೇ ಇತ್ತು.

ಅವಳು ಅದನ್ನು ಎಳೆದು ತೆಗೆದುಕೊಂಡು ಹೇಳಿದಳು: "ನೀವು ಎಸ್ ಅಂತೆ. ಆಸ್ಪತ್ರೇಲಿದ್ದಾಗಲೇ ನನಗೆ ಹೇಳಿದ್ದ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳಿದೆ. ಹೇಳಿಬಿಟ್ರೆ ಭಾವ ಗೇಟಿಗೆ ಬಂದು ನಿಲ್ಲೋದು ಬಿಟ್ಬಿಡ್ತಾರೆ ಅಕ್ಕ, ಅಂದ. ಬಸ್ಸಿಳಿದು ಬಂದ್ರೆ ದೂರದಿಂದಲೇ ಒಬ್ರು ಕಾಯ್ತಾ ನಿಂತಿರೋದು ಕಾಣುತ್ತೆ, ನನಗೆ ಹಾಗೆ ನಿಲ್ಲೋರು ಇನ್ಯಾರಿದ್ದಾರೆ, ಅಂದ."

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಆರ್ ಎಂದು ಬಳಗವೆಲ್ಲ ಬಲ್ಲ ನನ್ನ ಹೆಂಡತಿ ಬೀದಿಯ ಕಡೆ ಬೆನ್ನು ಮಾಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ವರದಿಯನ್ನು ತಿದ್ದಬೇಕಾಗಿತ್ತು, ತಿದ್ದುವವನು ಇರಲಿಲ್ಲ. ಇಬ್ಬರೂ ಒಳಗೆ ಬಂದು ಊಟಕ್ಕೆ ಕೂತೆವು. ಎಲೆಯ ಸುತ್ತ ನೀರು ಸುತ್ತುವಾಗ ತಟ್ಟೆಯ ಆ ತಿಳಿ ಬಯಲು ಕಣ್ಣಿಗೆ ಕಟ್ಟಿ ನನ್ನ ಕೈ ತಡೆಯಿತು. ಕೊನೆಯಲ್ಲಿ ಅವಳು ಮೊಸರು ಬಡಿಸಿದಳು. ಅಂದು ಭದ್ರಾವತಿಯಿಂದ ಡಬ್ಬಿಯಲ್ಲಿ ಬಂದದ್ದು, ಅವನ ಕೈಯಿಂದ ಬಂದದ್ದು, ಇಂದಿಗೂ ಎಳೆ ಕಡಿದಿಲ್ಲ.

ಅವಳ ನಾಡಿ ಹಿಡಿದ ವೈದ್ಯರಿಗೆ ಆಯುಸ್ಸು ಹೆಚ್ಚಲಿ. ಪೂಚಿ ಬಂದಿದೆಯೆಂದು ಕೂಗಿದ ಆ ತಾಯಿಯ ಕಣ್ಣು ತಣ್ಣಗಿರಲಿ. ತಟ್ಟೆಗಳ ಮುಂದೆ ಉಸಿರು ಹಿಡಿದು ಕೂತು, ಯಾರದೋ ಅಕ್ಕನಿಗಾಗಿ ಯಾರದೋ ತಾಯಿಗಾಗಿ ನಾಳೆಯನ್ನು ಕಾಯುವ ಎಲ್ಲರಿಗೂ ಕೈಗುಣವಿರಲಿ. ಸೋತ ಮದ್ದಿಗೂ ಗೆದ್ದ ಮದ್ದಿಗೂ, ಹಾಲಿಗೂ ಹೆಪ್ಪಿಗೂ, ವಾರ ವಾರವೂ ಅವನನ್ನು ಕರೆತಂದ ಬಸ್ಸಿಗೂ ಒಳಿತಾಗಲಿ. ಗೇಟಿನಲ್ಲಿ ನಿಂತು ಕಾಯುವವರಿಗೂ, ತಿರುವಿನಲ್ಲಿ ಕಾಣಬೇಕಾದವರಿಗೂ ಮಂಗಳವಾಗಲಿ.